ತೊಳೆದಷ್ಟೂ ಹಸಿರು

ಕೊಳದ ಮೇಲುದಂಡೆಯಲ್ಲಿ ಒಂದು ಕೊಳವೆಯ ಬಾಯಿ. ಆಳೆತ್ತರದ ಕಾಂಕ್ರೀಟಿನ ಬಳೆ. ಅದರ ಕೆಳತುಟಿ ಸವೆದು, ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಹೊರಗೆ ಇಣುಕಿವೆ. ಬೆಳಗಿನ ಓರೆಬಿಸಿಲು ಅದರೊಳಗೆ ಒಂದು ಮಾರು ದೂರ ಹೋಗಿ, ಮುಂದಕ್ಕೆ ಧೈರ್ಯ ಸಾಲದೆ ನಿಂತುಬಿಟ್ಟಿದೆ. ಆ ಗೆರೆಯಿಂದಾಚೆಗೆ ಕತ್ತಲು. ಕತ್ತಲಿನಿಂದ ಹೊರಟ ತೆಳ್ಳನೆಯ ನೀರಿನ ಎಳೆಯೊಂದು ತುಟಿಯವರೆಗೆ ಬಂದು, ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಸದ್ದಿಲ್ಲದೆ ಇಳಿಯುತ್ತಿದೆ. ಚಪ್ಪಡಿಯ ಸುತ್ತ ಬಿಳಿಯ ನೊರೆ, ಯಾರೋ ಬಿಚ್ಚಿಟ್ಟು ಮರೆತುಹೋದ ಬಟ್ಟೆಯ ಹಾಗೆ ಮುದುಡಿ ಕೂತಿದೆ. ನೊರೆಯ ಅಂಚಿನಲ್ಲಿ ಒಂಟಿ ಕೊಕ್ಕರೆ ಒಂದು ಕಾಲು ಮಡಚಿ ನಿಂತಿದೆ. ಅದು ನೀರನ್ನು ನೋಡುತ್ತಿಲ್ಲ. ನೀರಿನಲ್ಲಿ ನೋಡುವಂಥದ್ದೇನೂ ಉಳಿದಿಲ್ಲವೆಂದು ಅದಕ್ಕೆ ತಿಳಿದುಹೋದಂತಿದೆ.

ಮಳೆ ಬಂದು ತಿಂಗಳುಗಳೇ ಆಗಿದ್ದವು. ಮಳೆನೀರಿಗೆಂದೇ ಹಾಕಿದ ಆ ಕೊಳವೆ ಈ ಹೊತ್ತಿಗೆ ಒಣಗಿ, ಜೇಡ ಬಲೆ ಕಟ್ಟಿರಬೇಕಿತ್ತು.

ದಂಡೆಯ ಮೇಲೆ ನಿಂತಿದ್ದ ಹೆಂಗಸು ಕೊಕ್ಕರೆಯನ್ನೂ ನೊರೆಯನ್ನೂ ಒಂದೇ ಸಿಟ್ಟಿನಿಂದ ನೋಡುತ್ತಿದ್ದಳು. ಅವಳು ನಗರಸಭೆಯ ಮಳೆನೀರು ವಿಭಾಗದ ಇನ್ಸ್‌ಪೆಕ್ಟರ್. ಊರಿನವರು ಬೆನ್ನ ಹಿಂದೆ ಚರಂಡಿ ಮೇಡಂ ಎನ್ನುತ್ತಿದ್ದರು; ಎದುರಿಗೆ ಬರೀ ಮೇಡಂ. ಜೊತೆಗಿದ್ದವನು ರಸ್ತೆಯ ಮಧ್ಯದ ಕಬ್ಬಿಣದ ಮುಚ್ಚಳಗಳನ್ನು ಎತ್ತುವ ಕೆಲಸದವನು. ಎತ್ತಿ ಎತ್ತಿ ಅವನ ಹೆಸರೇ ಮುಚ್ಚಳಣ್ಣ ಎಂದಾಗಿಹೋಗಿತ್ತು.

"ಮೂರನೇ ಬೇಸಗೆ ಇದು," ಎಂದಳು ಅವಳು.

"ನೊರೆಗೂ ನಮ್ಮ ಮೇಲೆ ಅಭಿಮಾನ ಮೇಡಂ. ವರ್ಷಾ ವರ್ಷಾ ತಪ್ಪದೆ ಬರುತ್ತೆ," ಎಂದ ಮುಚ್ಚಳಣ್ಣ.

ಅವಳಿಗೆ ನಗು ಬರಲಿಲ್ಲ. ಊರಿನ ರಸ್ತೆಗಳ ಕೆಳಗೆ ಎರಡು ಕೊಳವೆಗಳಿವೆ ಎಂಬುದನ್ನು ಶಾಲೆಗಳಲ್ಲಿ, ಸಂಘಗಳ ಸಭೆಯಲ್ಲಿ, ಬಾಗಿಲು ಬಾಗಿಲಿಗೆ ಹೋಗಿ ಹೇಳಿ ಅವಳ ಗಂಟಲು ಸವೆದಿತ್ತು. ಬಚ್ಚಲು, ಅಡುಗೆಮನೆ, ಕಾರ್ಖಾನೆಯ ನೀರಿಗೆ ಒಂದು. ಅದು ಶುದ್ಧಿಯ ಘಟಕಕ್ಕೆ ಹೋಗುತ್ತದೆ. ರಸ್ತೆಯ ಅಂಚಿನ ಜಾಲರಿಗೆ ಬಿದ್ದ ಮಳೆನೀರಿಗೆ ಇನ್ನೊಂದು. ಅದು ಎಲ್ಲಿಯೂ ನಿಲ್ಲದೆ, ಯಾರ ಕೈಯಲ್ಲೂ ತೊಳೆಸಿಕೊಳ್ಳದೆ, ನೇರವಾಗಿ ಕೊಳಕ್ಕೆ. ಜನ ತಲೆದೂಗುತ್ತಿದ್ದರು. ಮನೆಗೆ ಹೋಗಿ ಬಣ್ಣದ ಬ್ರಷ್ಷು ತೊಳೆದ ನೀರನ್ನು, ಒಂದು ಹನಿಯೂ ರಸ್ತೆಗೆ ಚೆಲ್ಲದ ಹಾಗೆ ಜೋಪಾನವಾಗಿ, ಆ ಜಾಲರಿಯೊಳಗೇ ಸುರಿಯುತ್ತಿದ್ದರು.

ಅದಕ್ಕಿಂತ ಅವಳನ್ನು ಹೆಚ್ಚಾಗಿ ಕುದಿಸಿದ್ದು ಮಳೆ. ಮೊದಲ ಬೇಸಗೆಯಲ್ಲಿ ನೊರೆ ಕಂಡಾಗ ಅವಳು ಕೊಳದ ತುದಿಯಿಂದ ಮೂಲ ಹುಡುಕುತ್ತ ಅರ್ಧ ದಾರಿ ಬಂದಿದ್ದಳು; ಮಳೆ ಹಿಡಿಯಿತು, ನೊರೆ ಕರಗಿತು, ಮುಖ್ಯ ಎಂಜಿನಿಯರ್ ಕಡತದ ಮೇಲೆ "ಸಮಸ್ಯೆ ತಾನಾಗಿಯೇ ಪರಿಹಾರವಾಗಿದೆ" ಎಂದು ಬರೆದರು. ಎರಡನೆಯ ಬೇಸಗೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮಳೆ ಬಂತು. ಅದೇ ಕೈ, ಅದೇ ವಾಕ್ಯ. ಊರಿಗೆಲ್ಲ ತಂಪೆರೆಯುವ ಮೊದಲ ಮಳೆ ಅವಳ ಪಾಲಿಗೆ ಸಾಕ್ಷಿಯನ್ನು ಕೊಂದು ಕೈ ತೊಳೆದುಕೊಳ್ಳುವ ಅಪರಾಧಿಯಾಗಿತ್ತು. ಈ ಸಲ ಮೋಡ ಕಟ್ಟುವುದಕ್ಕೆ ಮುಂಚೆ ಮೂಲ ಸಿಗಬೇಕು, ಅದಕ್ಕೆ ಬಿರಡೆ ಬೀಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಇಬ್ಬರೂ ಕೊಳದಿಂದ ಮೇಲುಮುಖವಾಗಿ ಹೊರಟರು. ಕೆಲಸದ ರೀತಿ ಸರಳ: ಒಂದೊಂದೇ ಮುಚ್ಚಳ ಎತ್ತುವುದು, ಕೆಳಗೆ ನೊರೆ ಹರಿಯುತ್ತಿದೆಯೇ ನೋಡುವುದು. ಹರಿಯುತ್ತಿದ್ದರೆ ಮುಂದಿನದಕ್ಕೆ ನಡೆಯುವುದು. ವಾಹನ ತೊಳೆಯುವ ಅಂಗಡಿಯ ಮುಂದೆ ನೊರೆಯಿತ್ತು, ಅದಕ್ಕೂ ಮೇಲಿನ ಮುಚ್ಚಳದಲ್ಲೂ ಇತ್ತು, ಹಾಗಾದರೆ ಆ ಅಂಗಡಿಯವನಲ್ಲ. ಬಣ್ಣದ ಅಂಗಡಿಯನ್ನೂ ದಾಟಿತು. ದೊಡ್ಡ ಬೇವಿನ ಮರದ ಕೆಳಗಿನ ಮುಚ್ಚಳದಲ್ಲಿ ನೊರೆ. ಅದರ ಮೇಲಿನದರಲ್ಲಿ ಬರೀ ಒಣ ಎಲೆ.

ಎರಡರ ನಡುವೆ ರಸ್ತೆಯಲ್ಲಿ ಇದ್ದದ್ದು ಒಂದೇ ಕಟ್ಟಡ. ಅವಳ ಸೋದರಮಾವನ ಲಾಂಡ್ರಿ.

"ಆ ಮೇಲಿನದನ್ನ ಇನ್ನೊಂದು ಸಲ ತೆಗಿ," ಎಂದಳು.

ಮುಚ್ಚಳಣ್ಣ ತೆಗೆದ. ಎಲೆಗಳು ಇದ್ದಲ್ಲೇ ಇದ್ದವು.

"ಮತ್ತೆ ಕೆಳಗಿನದನ್ನ."

"ಮೇಡಂ, ಮುಚ್ಚಳ ಮೂರು ಸಲ ತೆಗೆದ್ರೆ ಮೂರು ಬೇರೆ ಚರಂಡಿ ಕಾಣಲ್ಲ," ಎಂದ ಅವನು. ಆಮೇಲೆ ಅವಳ ಮುಖ ನೋಡಿ ಕೆಳಗಿನ ಮುಚ್ಚಳಕ್ಕೆ ಹಾರೆ ಹಾಕಿದ. ಲಾಂಡ್ರಿಯ ಮಾಲೀಕರು ಯಾರೆಂದು ಅವನಿಗೂ ಗೊತ್ತಿತ್ತು.

ಅಪ್ಪ ಹೋದ ಮೇಲೆ ಅವಳು ಬೆಳೆದದ್ದು ಆ ಕಟ್ಟಡದ ಹಿಂಭಾಗದಲ್ಲಿ, ಇಸ್ತ್ರಿಯ ಬಿಸಿಯ ಮತ್ತು ಒಗೆದ ಹತ್ತಿಯ ವಾಸನೆಯ ನಡುವೆ. ಅವಳಿಗೆ ಈ ಕೆಲಸ ಸಿಕ್ಕಾಗ ಮಾವ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಕ್ಕಿದ್ದರು: "ನಾನು ಊರ ಕೊಳೆ ತೊಳೀತೀನಿ, ನನ್ನ ಸೊಸೆ ತೊಳೆದ ಕೊಳೆ ಎಲ್ಲಿಗೆ ಹೋಯ್ತು ಅಂತ ಹುಡುಕ್ತಾಳೆ. ಮನೆತನದ ಕಸುಬೇ ಅಂದ್ಕೊಳ್ಳಿ." ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಅವಳು ಎಷ್ಟೋ ಜನರಿಗೆ ಹೇಳಿದ್ದಳು. ಈಗ ತಾನೇ ದೀಪ ಹಿಡಿದು ಆ ಬುಡಕ್ಕೆ ನಡೆಯಬೇಕಾಗಿತ್ತು.

ಇಂಥಲ್ಲಿ ಮಾಡುವ ಪರೀಕ್ಷೆಗೆ ಇಲಾಖೆಯಲ್ಲಿ ಒಂದು ಕ್ರಮವಿತ್ತು. ಅನುಮಾನವಿರುವ ನೆಲದ ಕಿಂಡಿಗೆ ಒಂದು ಚಮಚ ಬಣ್ಣದ ಪುಡಿ ಹಾಕಿ ನೀರು ಬಿಡಬೇಕು. ಡಬ್ಬಿಯಲ್ಲಿ ಇಟ್ಟಿಗೆಕೆಂಪಗಿರುವ ಆ ಪುಡಿ ನೀರು ತಾಗಿದೊಡನೆ ಎಳೆಹುಲ್ಲಿನ ಹಸಿರಾಗುತ್ತದೆ, ಜೀವಜಂತುವಿಗೆ ಅಪಾಯವಿಲ್ಲ. ಕೊಳದ ಬಾಯಲ್ಲಿ ಹಸಿರು ಕಂಡರೆ ಕೊಳವೆ ತಪ್ಪು ದಾರಿಯದು. ಇಲಾಖೆಯವರೇ ಬೇರೆಲ್ಲೋ ಬಣ್ಣ ಸುರಿದರೆಂದು ಆಮೇಲೆ ಯಾರೂ ಹೇಳಬಾರದೆಂದು ಪುಡಿಯನ್ನು ಮಾಲೀಕರ ಕೈಯಿಂದಲೇ ಹಾಕಿಸಬೇಕು, ನೆರೆಯವರೊಬ್ಬರು ನೋಡುತ್ತಿರಬೇಕು.

ಅವಳು ಅಲ್ಲಿ ಒಂದು ತಪ್ಪು ಮಾಡಿದಳು. ಮಾವನ ಮರ್ಯಾದೆ ಉಳಿಯಲೆಂದು ಕೆಲಸದವರೆಲ್ಲ ಊಟಕ್ಕೆ ಹೋಗುವ ಹೊತ್ತನ್ನು ಆರಿಸಿಕೊಂಡಳು, ನೆರೆಯವರನ್ನು ಕರೆಯಲಿಲ್ಲ. ಮುಚ್ಚಳಣ್ಣನನ್ನು ಕೊಳದ ಬಳಿ ನಿಲ್ಲಿಸಿ ಒಬ್ಬಳೇ ಬಂದಳು.

ಲಾಂಡ್ರಿಯ ಹಿಂಬಾಗಿಲಿಗೆ ಗಟ್ಟಿ ಸ್ಪ್ರಿಂಗ್ ಇತ್ತು. ಬಿಟ್ಟರೆ ರಪ್ಪೆಂದು ಬಡಿಯುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಅವಳ ಬೆರಳು ಅದರಲ್ಲಿ ಸಿಕ್ಕಿಕೊಂಡ ಮೇಲೆ, ಅವಳು ಬರುವಾಗ ಹೋಗುವಾಗ ಮಾವ ಎದ್ದು ಬಂದು ಅಂಗೈಯಿಂದ ಆ ಬಾಗಿಲನ್ನು ಹಿಡಿದು ನಿಲ್ಲುವುದು ರೂಢಿಯಾಗಿಬಿಟ್ಟಿತ್ತು. ಅವಳ ತಲೆಯಲ್ಲಿ ನರೆ ಕಂಡ ಮೇಲೂ ಅದು ತಪ್ಪಿರಲಿಲ್ಲ. ಅಂದೂ ಹಿಡಿದರು.

"ಬಾ ಗುಬ್ಬಿ. ಊಟದ ಹೊತ್ತಿಗೆ ಬಂದಿದ್ದೀಯ, ಊಟಕ್ಕೆ ಬಂದಿಲ್ಲ ಅಂತ ಮುಖ ಹೇಳ್ತಾ ಇದೆ."

ಅವಳು ವಿಷಯ ಹೇಳಿದಳು. ಒಳಗೆ ಇಸ್ತ್ರಿ ಮಾಡುತ್ತಿದ್ದ ಅತ್ತೆ ಕೈ ನಿಲ್ಲಿಸಿದ್ದು ಸದ್ದಿನಿಂದಲೇ ತಿಳಿಯಿತು. ಮಾವ ಮಾತ್ರ ನಕ್ಕರು.

"ನನ್ನ ನೀರಾ? ಈ ಹೊಸ ನೆಲ ಹಾಕಿಸುವಾಗ ನಾನೇ ಕುರ್ಚಿ ಹಾಕ್ಕೊಂಡು ಕೂತಿದ್ದೆ ಕಣೇ. ಗಾರೆಯವನು ಕೊಳವೇನ ಕೊಳವೆಗೆ ಸೇರಿಸಿದ್ದನ್ನ ಕಣ್ಣಾರೆ ನೋಡಿದ್ದೀನಿ."

"ಯಾವ ಕೊಳವೆಗೆ ಮಾವ?"

"ನೆಲದಡಿ ಇರೋದಕ್ಕೆ."

"ನೆಲದಡಿ ಎರಡಿವೆ."

"ಎರಡಿದ್ರೇನು, ಒಳ್ಳೇದಕ್ಕೇ ಸೇರಿಸಿರ್ತಾನೆ. ತಾ ಇಲ್ಲಿ ಆ ಡಬ್ಬಿ."

ಅವಳು ಚಮಚವನ್ನು ಮುಂದೆ ಹಿಡಿದಳು. ಮಾವ ಡಬ್ಬಿಯನ್ನೇ ತೆಗೆದುಕೊಂಡರು. "ಚಮಚದಲ್ಲಿ ಹಾಕೋಕೆ ಇದೇನು ಔಷಧಾನಾ? ಅನುಮಾನ ಅಂದ ಮೇಲೆ ಪೂರ್ತಿ ತೀರಬೇಕು." ಅವಳು "ಬೇಡ ಮಾವ" ಎನ್ನುವಷ್ಟರಲ್ಲಿ ಡಬ್ಬಿ ಕಿಂಡಿಯ ಮೇಲೆ ಬೋರಲಾಗಿತ್ತು. ತಳದಲ್ಲಿ ಅಂಟಿಕೊಂಡಿದ್ದ ಪುಡಿಯನ್ನೂ ಅವರು ಬಿಡಲಿಲ್ಲ; ಒದ್ದೆ ಕೈಯನ್ನು ಒಳಗೆ ಹಾಕಿ ಕೆರೆದು ತೆಗೆದರು. ನಲ್ಲಿ ತಿರುಗಿಸಿದರು. ಕೆಂಪು ಹೊರಳಿ ಹಸಿರಾಗಿ, ಒಂದು ಸುತ್ತು ಸುತ್ತಿ ಕಿಂಡಿಯೊಳಗೆ ಇಳಿಯಿತು. ಅವರ ಬಲಗೈ ಮಣಿಕಟ್ಟಿನವರೆಗೆ ಮಿರಿಮಿರಿ ಹಸಿರಾಗಿತ್ತು.

"ನೋಡ್ದೆಯಾ, ಗಿಳಿ ಆಗ್ಬಿಟ್ಟೆ," ಎಂದು ಅವರು ಹೆಂಡತಿಗೆ ಕೈ ತೋರಿಸಿದರು.

ಅವಳ ಫೋನು ಮೊಳಗಿದಾಗ ಅವರಿನ್ನೂ ಸಾಬೂನು ಹಚ್ಚುತ್ತಿದ್ದರು.

"ಮೇಡಂ," ಮುಚ್ಚಳಣ್ಣನ ಧ್ವನಿ ತಗ್ಗಿತ್ತು. "ಕೊಳಕ್ಕೆ ಹುಚ್ಚು ಹಿಡಿದಿದೆ. ಬೇಗ ಬನ್ನಿ."

ಅವಳು ಬಂದಾಗ ಕೊಳವೆಯ ಬಾಯಿಂದ ಹೊರಟ ಹಸಿರು ಕೊಳದ ನಡುವಿನವರೆಗೂ ಹಬ್ಬಿತ್ತು. ಎಲೆಯ ಹಸಿರಲ್ಲ, ಪಾಚಿಯದೂ ಅಲ್ಲ. ಒಳಗಿನಿಂದ ಯಾರೋ ದೀಪ ಹಚ್ಚಿದಂಥ ಹಸಿರು. ನೊರೆಯೂ ಹಸಿರಾಗಿತ್ತು. ಕೊಕ್ಕರೆ ಹಾರಿಹೋಗಿತ್ತು. ದಂಡೆಯ ತುಂಬ ಜನ. ಮಕ್ಕಳನ್ನು ಹಿಂದಕ್ಕೆಳೆಯುವವರು, ಮೂಗು ಮುಚ್ಚಿಕೊಂಡವರು, ಫೋನೆತ್ತಿ ಚಿತ್ರ ಹಿಡಿಯುವವರು.

"ಯಾರು ವಿಷ ಹಾಕಿದ್ದು?" ಎಂದು ಒಬ್ಬರು ಕೇಳಿದರು.

"ವಿಷ ಅಲ್ಲ. ಇದು ಪರೀಕ್ಷೆಯ ಬಣ್ಣ. ನಿರಪಾಯ. ನಾಳೆಯೊಳಗೆ ಬಹಳಷ್ಟು ಇಳಿಯುತ್ತೆ," ಎಂದಳು ಅವಳು.

"ಅಂದ್ರೆ ನೀವೇ ಹಾಕಿದ್ದು."

"ನೀವು ನೋಡಬೇಕಾದ್ದು ಬಣ್ಣವಲ್ಲ. ಆ ನೊರೆ. ಮೂರು ವರ್ಷದಿಂದ ಹೀಗೇ ಬರ್ತಾ ಇದೆ."

"ನೊರೆ ಮೊದಲಿಂದಲೂ ಇತ್ತಲ್ಲ," ಎಂದರು ಆ ಮನುಷ್ಯ, ಮನೆಯ ಹಳೆಯ ಬೆಕ್ಕಿನ ವಿಷಯ ಹೇಳಿದ ಹಾಗೆ. "ಇದು ಹೊಸದು."

ಮೀನು ಸತ್ತಾಗ ಬಾರದ ಜನ ಇವರು. ಕಾಣದ ಕೊಳೆಯ ಜೊತೆ ಹೊಂದಿಕೊಂಡು ವರ್ಷಗಟ್ಟಲೆ ನಡೆದಾಡಿದವರು, ಆ ಕೊಳೆಯ ದಾರಿಯನ್ನು ಕಾಣಿಸಿದ ಬಣ್ಣದ ಮೇಲೆ ಹೌಹಾರಿ ಎದ್ದು ನಿಂತಿದ್ದರು. ಸಂಜೆಯ ಹೊತ್ತಿಗೆ ಊರಿನ ಫೋನುಗಳಲ್ಲೆಲ್ಲ ಹಸಿರು ಕೊಳ. ಅದರ ಅಂಚಿನಲ್ಲಿ ಖಾಲಿ ಡಬ್ಬಿ ಹಿಡಿದು ನಿಂತ ಚರಂಡಿ ಮೇಡಂ.

ಮರುದಿನ ಮುಖ್ಯ ಎಂಜಿನಿಯರ್ ಅವಳನ್ನೂ ಅವಳ ಮಾವನನ್ನೂ ಕರೆಸಿದರು. ಕಿಟಕಿಯಾಚೆ ಪಶ್ಚಿಮದ ಆಕಾಶ ಒಗೆಯದ ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ಮಾವ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಂದಿದ್ದರು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಕುಳಿತಾಗಲೂ ಅದು ಹೊರಗೆ ಬರಲಿಲ್ಲ. ಕಾಫಿಯ ಲೋಟವನ್ನು ಅವರು ಎಡಗೈಯಿಂದ ಎತ್ತಿಕೊಂಡರು.

ಎಂಜಿನಿಯರ್ ಒಂದು ಹಾಳೆಯನ್ನು ಅವಳ ಮುಂದೆ ಸರಿಸಿದರು. ಸಾಗಿಸುವಾಗ ಡಬ್ಬಿ ಕೈಜಾರಿ ಕೊಳದ ದಂಡೆಯಲ್ಲಿ ಚೆಲ್ಲಿತೆಂದೂ ಪರೀಕ್ಷೆ ನಡೆದಿಲ್ಲವೆಂದೂ ಅದರಲ್ಲಿತ್ತು.

"ಸಹಿ ಹಾಕಿ. ಕೈಜಾರೋದು ಯಾರಿಗೂ ಆಗುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹಾವು ಹೊಡೆಯೋಕೆ ಅಲ್ಲ ಸರ್ ನಾನು ಕೋಲು ಹಿಡಿದದ್ದು. ಹುತ್ತ ಎಲ್ಲಿದೆ ಅಂತ ತೋರಿಸೋಕೆ. ಪರೀಕ್ಷೆ ನಡೆದಿದೆ. ಲಾಂಡ್ರಿಯ ನೆಲದ ಕಿಂಡಿಗೆ ಹಾಕಿದ ಬಣ್ಣ ಕೊಳಕ್ಕೆ ಬಂದಿದೆ."

"ಸಾಕ್ಷಿ?"

ಅವಳು ಮಾವನ ಕಡೆ ನೋಡಿದಳು. ಎಂಜಿನಿಯರ್ ಕೂಡ ನೋಡಿದರು. "ಹೇಳಿ ಯಜಮಾನರೇ. ಬಣ್ಣ ಹಾಕಿದ್ದು ನೀವಾ?"

ಯಾವ ಗಿರಾಕಿಯ ಯಾವ ಅಂಗಿಯ ಎಷ್ಟನೆಯ ಗುಂಡಿ ಸಡಿಲವಾಗಿದೆಯೆಂದು ವರ್ಷವಾದರೂ ಮರೆಯದ ಮನುಷ್ಯ ಲೋಟದ ತಳವನ್ನು ನೋಡಿದರು.

"ಅವಳು ಡಬ್ಬಿ ತಂದದ್ದು ನಿಜ. ಆಮೇಲೆ ಏನೇನಾಯ್ತು ಅಂತ... ನಾನು ಅಷ್ಟು ಗಮನಿಸಲಿಲ್ಲ."

ಜೇಬಿನೊಳಗಿನ ಕೈ ಸ್ವಲ್ಪ ಅಲುಗಿತು. ಆ ಒಂದು ಗೇಣು ಬಟ್ಟೆಯ ಹಿಂದೆ ಅವಳ ಮೂರು ಬೇಸಗೆಗಳ ಉತ್ತರವಿತ್ತು. ಕೈ ಹಿಡಿದು ಹೊರಗೆಳೆದುಬಿಡಬಹುದಿತ್ತು. ಎಂಜಿನಿಯರ್‌ಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕಾಫಿಯನ್ನು ಎಡಗೈಯಿಂದ ಕುಡಿಯುವವರನ್ನು ಅವರು ಅಷ್ಟು ಹೊತ್ತು ನೋಡಿದ್ದರು. ಆದರೆ ಮೂರನೆಯವರ ಎದುರು ಮಾವನ ಕೈ ಎಳೆಯುವುದು ಅವಳಿಂದಾಗಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವಳ ಹಾಗೆ ಕುಳಿತಳು.

"ನಾಳೆ ಬೆಳಿಗ್ಗೆಯೊಳಗೆ ಸಹಿ ಬೇಕು," ಎಂದರು ಎಂಜಿನಿಯರ್. ಕಿಟಕಿಯ ಕಡೆ ನೋಡಿ, ಸಮಾಧಾನದ ಧ್ವನಿಯಲ್ಲಿ ಸೇರಿಸಿದರು: "ಹೇಗೂ ಮಳೆ ಬರೋ ಹಾಗಿದೆ. ಎಲ್ಲ ಸರಿಹೋಗುತ್ತೆ."

ಹೊರಗೆ ಮುಚ್ಚಳಣ್ಣ ಗಾಡಿಗೆ ಒರಗಿ ನಿಂತಿದ್ದ. ಮಾವ ದೂರದಲ್ಲಿ, ಜೇಬಿನಿಂದ ಕೈ ತೆಗೆಯದೆಯೇ ರಸ್ತೆ ದಾಟುತ್ತಿದ್ದರು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ ಮೇಡಂ. ಕೈ ಹಸಿರಾದ್ರೆ?"

ಅವಳು ಮಾವ ರಸ್ತೆ ದಾಟುವುದನ್ನೇ ನೋಡುತ್ತಿದ್ದಳು.

"ಬಾಯಿಗೆ ಬೀಗ," ಎಂದ ಅವನು. ತನ್ನ ಮಾತು ತನಗೇ ಕಹಿಯಾದವನಂತೆ ಗಾಡಿಯ ಬಾಗಿಲು ತೆರೆದು ಕೊಟ್ಟ.

ಸಂಜೆ ಅವಳು ಲಾಂಡ್ರಿಗೆ ಹೋದಳು. ಹಿಂಬಾಗಿಲನ್ನು ತಾನೇ ನೂಕಿ ಒಳಗೆ ಬಂದು, ಬಡಿಯದಂತೆ ಮೆಲ್ಲಗೆ ಬಿಟ್ಟಳು. ಯಂತ್ರಗಳು ನಿಂತಿದ್ದವು. ಆಸ್ಪತ್ರೆಯ ಹೊದಿಕೆಗಳು ಮಡಿಕೆಯ ಮೇಲೆ ಮಡಿಕೆಯಾಗಿ ಗೋಡೆಯುದ್ದಕ್ಕೂ ಬೆಳ್ಳಗೆ ನಿಂತಿದ್ದವು. ಮಾವ ಕಲ್ಲಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಉಜ್ಜುತ್ತಿದ್ದರು. ಪಕ್ಕದಲ್ಲಿ ನಿಂಬೆಹಣ್ಣು, ಸೋಡದ ಪುಡಿ, ಕಲೆ ತೆಗೆಯುವ ಸೀಸೆಗಳು. ಒಂದು ಆಯುಷ್ಯದ ಕಸುಬೆಲ್ಲ ಸಾಲಾಗಿ ಕೂತಿತ್ತು. ಉಜ್ಜಿದ ಕೈ ಸ್ವಲ್ಪ ಹಳದಿಗೆ ತಿರುಗುತ್ತಿತ್ತು. ನೀರು ಹಾಕಿದೊಡನೆ ಉಗುರಿನ ಸಂದಿಯಿಂದ, ಅಂಗೈಯ ಗೆರೆಗಳಿಂದ, ಹಸಿರು ಮತ್ತೆ ಮೇಲೇಳುತ್ತಿತ್ತು.

"ನಿನ್ನೆಯಿಂದ ಇದೇ ಆಯ್ತು," ಎಂದರು ಅತ್ತೆ. "ತೊಳೆದಷ್ಟೂ ಹಸಿರು. ಊರಿನ ಕಲೆ ತೆಗೆಯೋರಿಗೆ ಇದೊಂದು ಬರ್ತಾ ಇಲ್ಲ."

"ಬಿಡಿ ಮಾವ. ಚರ್ಮ ಕಿತ್ತು ಬರುತ್ತೆ. ಒಂದು ವಾರದಲ್ಲಿ ತಾನಾಗಿ ಹೋಗುತ್ತೆ."

ಮಾವ ಬಲಗೈ ಒರೆಸಿ ಜೇಬಿಗೆ ಸೇರಿಸಿಕೊಂಡರು. ಮನೆಯವರ ಎದುರಿಗೂ.

"ಬೈಯೋಕೆ ಬಂದ್ಯಾ?"

"ಇಲ್ಲ. ಕೇಳೋಕೆ ಬಂದೆ. ನಾಳೆ ಮತ್ತೆ ಪರೀಕ್ಷೆ ಮಾಡೋಣ. ಒಂದೇ ಚಮಚ. ಈ ಸಲ ಬಣ್ಣದಂಗಡಿಯವರನ್ನ ಕರೆದು ನಿಲ್ಲಿಸ್ತೀನಿ. ನಿನ್ನೇನೇ ಕರೀಬೇಕಿತ್ತು. ನಿಮ್ಮ ಮುಖ ನೋಡಿ ಕರೀಲಿಲ್ಲ, ಅದು ನನ್ನ ತಪ್ಪು. ಗಾರೆಯವನು ತಪ್ಪು ಕೊಳವೆಗೆ ಸೇರಿಸಿದ್ದಾನೆ ಅಷ್ಟೇ, ನೀವು ಬೇಕೂಂತ ಮಾಡಿದ್ದಲ್ಲ ಅಂತ ನಾನೇ ಬರೀತೀನಿ. ನೆಲ ಅಗೆದು ಕೊಳವೆ ತಿರುಗಿಸೋವರೆಗೆ ಬಟ್ಟೆ ಒಗೆಯೋಕೆ ಬೇರೆ ಜಾಗ ನೋಡಿಕೊಡ್ತೀನಿ."

"ಈ ನೆಲ ಅಗೆದ್ರೆ ಯಂತ್ರ ಎಲ್ಲ ಕಳಚಬೇಕು ಕಣೇ. ಆಸ್ಪತ್ರೆಯವರು ಒಂದು ದಿನ ಕಾಯಲ್ಲ. ಇನ್ನೊಬ್ಬನ ಹತ್ತಿರ ಹೋದವರು ವಾಪಸ್ ಬರ್ತಾರಾ? ನನ್ನ ವಯಸ್ಸಿಗೆ ಮತ್ತೆ ಮೊದಲಿಂದ ಶುರು ಮಾಡಲಾ?" ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು, ಅದು ಅವಳಿಗೆ ಇನ್ನೂ ಕಷ್ಟವಾಯಿತು. "ಮಳೆ ಬರಲಿ. ಮಳೆಗಾಲ ಕಳೀಲಿ. ಆಮೇಲೆ ನಿಧಾನಕ್ಕೆ ನೋಡೋಣ. ಮಳೆ ಬಂದ್ರೆ ಎಲ್ಲ ತೊಳೆದು ಹೋಗುತ್ತಲ್ಲ."

"ಎಲ್ಲಿಗೆ ಹೋಗುತ್ತೆ ಮಾವ?"

ಅವರು ಅವಳನ್ನು ನೋಡಿದರು. ಜೀವಮಾನವಿಡೀ ನೀರಿನ ಜೊತೆ ಇದ್ದವರು ಆ ಪ್ರಶ್ನೆಯನ್ನು ಹಿಂದೆಂದೂ ಕೇಳಿಯೇ ಇರಲಿಲ್ಲವೆಂಬಂತೆ.

"ನಿನ್ನ ಎತ್ತಿ ಆಡಿಸಿದ ಕೈ ಇದು," ಎಂದರು ಕೊನೆಗೆ.

"ಗೊತ್ತು. ಅದನ್ನೇ ಜೇಬಿಂದ ತೆಗೀರಿ ಅಂತಿರೋದು."

ಅತ್ತೆ ಒಂದು ಹೊದಿಕೆಯನ್ನು ಬಿಡಿಸಿ, ಸರಿಯಿದ್ದ ಮಡಿಕೆಯನ್ನೇ ಮತ್ತೆ ಮಡಿಸತೊಡಗಿದರು. "ಅವಳು ಕೇಳ್ತಾ ಇರೋದು ಒಂದು ಮಾತಲ್ವಾ," ಎಂದರು, ಯಾರಿಗೆಂದು ಹೇಳದೆ.

ತಗಡಿನ ಮಾಡಿನ ಮೇಲೆ ಒಂದು ಹನಿ ಬಿತ್ತು. ಸ್ವಲ್ಪ ಬಿಟ್ಟು ಇನ್ನೊಂದು. ಮೂವರೂ ತಲೆಯೆತ್ತಿದರು. ಮಾವನ ಮುಖದಲ್ಲಿ ಸಡಿಲಾದ ಏನೋ ಒಂದನ್ನು ಅವಳು ಕಂಡಳು. ಎಂಜಿನಿಯರ್ ಕಿಟಕಿಯತ್ತ ತಿರುಗಿದಾಗ ಕಂಡದ್ದೂ ಅದೇ. ತನ್ನ ಸಿಟ್ಟು ಅಲ್ಲಿಯವರೆಗೆ ಮಾವನ ಮೇಲಿತ್ತೋ ಮಳೆಯ ಮೇಲಿತ್ತೋ ಅವಳಿಗೆ ಗೊತ್ತಿರಲಿಲ್ಲ. ಈಗ ಎರಡನ್ನೂ ಬೇರ್ಪಡಿಸಲು ಬಾರದಾಯಿತು.

ಚೀಲದಿಂದ ಎಂಜಿನಿಯರ್ ಕೊಟ್ಟ ಹಾಳೆಯನ್ನು ತೆಗೆದು, ಸಹಿಯಿಲ್ಲದೆಯೇ ನಾಲ್ಕಾಗಿ ಮಡಿಸಿ, ತೊಟ್ಟಿಯ ಪಕ್ಕದ ಕಸದ ಬುಟ್ಟಿಗೆ ಹಾಕಿದಳು.

"ಡಬ್ಬಿ ನನ್ನ ಕೈಜಾರಿಲ್ಲ ಮಾವ. ನಾನು ಹಾಗೆ ಬರೆಯಲ್ಲ. ನಡೆದದ್ದನ್ನ ಬರೀತೀನಿ, ನೆರೆಯವರನ್ನ ಕರೀದೆ ನಾನು ತಪ್ಪು ಮಾಡಿದ್ದನ್ನೂ ಸೇರಿಸಿ. ನಂಬೋದು ಬಿಡೋದು ಅವರಿಗೆ ಬಿಟ್ಟದ್ದು. ನಾಳೆ ಬೆಳಿಗ್ಗೆ ಬರ್ತೀನಿ. ಮಳೆ ಇದ್ರೂ ಬರ್ತೀನಿ. ಇನ್ಸ್‌ಪೆಕ್ಟರ್ ಆಗಿ ಬರ್ತೀನಿ. ಮುಂಬಾಗಿಲಿಂದ."

"ಕಾಫಿ ಕುಡಿದು ಹೋಗೇ," ಎಂದರು ಅತ್ತೆ.

"ಬೇಡ ಅತ್ತೆ."

ಅವಳು ಹಿಂಬಾಗಿಲಿನ ಕಡೆ ನಡೆದಳು. ಹಿಂದೆ ಮಾವನ ಚಪ್ಪಲಿಯ ಸದ್ದು ಅಭ್ಯಾಸಬಲದಿಂದ ಹಿಂಬಾಲಿಸಿ ಬಂತು. ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವಳು ಸ್ಪ್ರಿಂಗಿನ ಬಾಗಿಲನ್ನು ನೂಕಿ, ತಿರುಗಿ ನೋಡಿದಳು. ಅವರು ಅಲ್ಲೇ ಇದ್ದರು. ಎಡಗೈಯಲ್ಲಿ ಸೋಪಿನ ನೀರು ಇನ್ನೂ ಆರಿರಲಿಲ್ಲ. ಬಲಗೈ ಜೇಬಿನೊಳಗೆ ಮುಷ್ಟಿ ಕಟ್ಟಿತ್ತು. ಅದು ಒಮ್ಮೆ ಮೇಲೆದ್ದಂತೆ ಬಟ್ಟೆಯ ಮೇಲೆ ಕಂಡಿತು, ಮತ್ತೆ ಅಡಗಿತು.

ಅಂಗಳದಲ್ಲಿ ಹನಿಗಳು ದಟ್ಟವಾಗಿ, ಜಾಲರಿಯ ಕಡೆಗೆ ಆಗಲೇ ಒಂದು ಸಣ್ಣ ಹರಿವು ಹೊರಟಿತ್ತು. ಅವಳು ಬೆರಳುಗಳನ್ನು ಬಾಗಿಲಿನಿಂದ ಒಂದೊಂದಾಗಿ ಬಿಡಿಸಿಕೊಂಡು ಹೊರಗೆ ಕಾಲಿಟ್ಟಳು. ಯಾರೂ ಹಿಡಿಯದ ಬಾಗಿಲು ಅವಳ ಬೆನ್ನ ಹಿಂದೆ ರಪ್ಪೆಂದು ಮುಚ್ಚಿಕೊಂಡಿತು.